ಮನೆ ಸುತ್ತಲಿನ ಗಿಡುಗಗಳನ್ನು ನೋಡುವ ಕ್ರಮ: ಕೊಡಗಿನ ಊರು, ಬಡಾವಣೆ, ತೋಟದ ಮನೆಗಳಿಗೆ

ತೋಟದಂಚು

ಫೆಬ್ರವರಿ ಕಳೆಯಿತು ಅಂದರೆ ಈ ವೇದಿಕೆಗೆ ಒಂದೇ ಬಗೆಯ ಫೋಟೋಗಳು ಬರತೊಡಗುತ್ತವೆ. ಸಿಲ್ವರ್ ಓಕ್ ತುದಿಯಲ್ಲಿ ಒಂದು ಮಸುಕು ಆಕೃತಿ, ಕೆಳಗೆ “ಇದು ಯಾವ ಹದ್ದು?” ಎಂಬ ಪ್ರಶ್ನೆ. ಪ್ರತಿ ಫೋಟೋಗೂ ಹೆಸರು ಹೇಳುತ್ತಾ ಕೂರುವ ಬದಲು ನೋಡುವ ಕ್ರಮವನ್ನೇ ಒಂದು ಕಡೆ ಬರೆದಿಡೋಣ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಇವುಗಳಿಗೆ ಅಂಟಿಕೊಂಡ ತೋಟದ ಮನೆಗಳು, ಇಷ್ಟಕ್ಕೆ ಸೀಮಿತ. ನಾಗರಹೊಳೆ ಸಫಾರಿ ವಿಷಯ ಇಲ್ಲಿ ಬೇಡ.

ಊರೊಳಗೆ ಬೇಟೆಯಾಡುವ ನಿಜವಾದ ಗಿಡುಗ ಅಂದರೆ ಬಹುಪಾಲು ಬಿಜ್ಜು, ಅಂದರೆ ಶಿಕ್ರಾ. ಪಾರಿವಾಳದಷ್ಟು ಗಾತ್ರ, ಸುಮಾರು 30 ಸೆಂ.ಮೀ. ಉದ್ದ. ಅದು ಬಯಲಿನಲ್ಲಿ ಕೂತು ತನ್ನನ್ನು ತೋರಿಸಿಕೊಳ್ಳುವ ಹಕ್ಕಿಯಲ್ಲ. ಆದ್ದರಿಂದ ಕಣ್ಣಿಗಿಂತ ಮೊದಲು ಕಿವಿ ಕೆಲಸ ಮಾಡಬೇಕು.

ಪಿಕಳಾರ, ಮಡಿವಾಳ, ಹರಟೆಮಲ್ಲ, ಅಳಿಲು, ಇವುಗಳ ಗಲಾಟೆಯಲ್ಲಿ ಎರಡು ಬಗೆ ಇದೆ. ಗಿಡುಗ ಹಾರುತ್ತಿದ್ದರೆ ಕೇಳಿಸುವುದು ತೆಳ್ಳಗಿನ, ಎಳೆದ ಒಂದು ‘ಸೀ’ ಸದ್ದು. ಮರುಕ್ಷಣ ಎಲ್ಲವೂ ಪೊದೆಗೆ ಬಿದ್ದು ಮೌನ. ಆಗ ಮೇಲೆ ನೋಡಿ, ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ಸಮಯ ಸಿಗುವುದಿಲ್ಲ. ಗಿಡುಗ ಕೂತಿದ್ದರೆ ಅದೇ ಹಕ್ಕಿಗಳು ಕರ್ಕಶವಾಗಿ, ಬಿಡದೆ, ಒಂದೇ ಕೊಂಬೆಯ ಕಡೆ ಮುಖ ಮಾಡಿ ಬೈಯುತ್ತವೆ. ಆಗ ಅವಸರ ಬೇಡ. ಅವು ಯಾವ ಎತ್ತರಕ್ಕೆ ಮುಖ ಮಾಡಿವೆ ಅಂತ ನೋಡಿ. ನೆಲದ ಕಡೆಯಾದರೆ ಹಾವು, ಬೆಕ್ಕು ಅಥವಾ ಮುಂಗುಸಿ. ಕೊಂಬೆಯ ಬುಡದ ಕಡೆ, ಕಾಂಡಕ್ಕೆ ಹತ್ತಿರವಾದರೆ ಬಿಜ್ಜು ಇಲ್ಲವೇ ಗೂಬೆ.

ಬಿಜ್ಜುವಿನ ಕೂಗು ಎರಡು ಸ್ವರದ ಚೂಪು ಸದ್ದು, ‘ಟೀ-ಟುಯ್’. ಜೋಡಿ ಕಟ್ಟುವ ಕಾಲದಲ್ಲಿ ಬೆಳಿಗ್ಗೆ ಮತ್ತೆ ಮತ್ತೆ ಕೇಳಿಸುತ್ತದೆ. ತೋಟದ ಕಡೆ ಇರುವವರು ಇದನ್ನೇ ನಂಬಿ ದಾಖಲೆ ಬರೆಯಬೇಡಿ. ಭೀಮರಾಜ ಅದೇ ಕೂಗನ್ನು ಚೆನ್ನಾಗಿ ಅನುಕರಿಸುತ್ತದೆ. ಕೂಗಿನ ಹಿಂದೆಯೇ ಬೇರೆ ನಾಲ್ಕು ಹಕ್ಕಿಗಳ ಸದ್ದು ಒಂದೇ ಗಂಟಲಿನಿಂದ ಬಂದರೆ ಅದು ಭೀಮರಾಜ.

ಹೊಸ_ಬೈನಾಕ್ಯುಲರ್

ಬಿಜ್ಜು ಅಂತ ಹೇಗೆ ಖಚಿತ ಮಾಡಿಕೊಳ್ಳುವುದು ಸರ್? ಪುಸ್ತಕದಲ್ಲಿ ನಾಲ್ಕು ಹಕ್ಕಿಗಳು ಒಂದೇ ಥರ ಕಾಣುತ್ತವೆ.

ಮಂಜುಮಲೆ

ಮೊದಲು ಗಿಡುಗವೇ ಹೌದೇ ಅಂತ ನೋಡಿ. ಮಾರ್ಚ್‌ನಿಂದ ಜೂನ್ ತನಕ ಇಲ್ಲಿ ಬರುವ “ಬಿಜ್ಜು” ಫೋಟೋಗಳಲ್ಲಿ ಗಿಡುಗದಂತೆ ಕಾಣುವ ಕೋಗಿಲೆ ಜಾತಿಯ ಹಾಕ್ ಕುಕ್ಕೂ ಎಷ್ಟೋ ಇರುತ್ತವೆ. ಬೂದು ಬೆನ್ನು, ಪಟ್ಟೆ ಬಾಲ, ನಾಲ್ಕು ಬಡಿತ ಒಂದು ತೇಲು, ಕೂರುವ ಮುಂಚೆ ಮೇಲಕ್ಕೆ ಏರಿ ಕೂರುವುದು, ಎಲ್ಲ ಬಿಜ್ಜುವಿನಂತೆಯೇ. ಸಣ್ಣ ಹಕ್ಕಿಗಳೂ ಮೋಸ ಹೋಗಿ ಅದನ್ನು ಅಟ್ಟುತ್ತವೆ. ವ್ಯತ್ಯಾಸ ಕೊಕ್ಕಿನಲ್ಲಿ ಮತ್ತು ಕೂರುವ ಭಂಗಿಯಲ್ಲಿ. ಕುಕ್ಕೂ ಕೊಕ್ಕು ತೆಳು, ಬಿಜ್ಜುವಿನಂತೆ ಬುಡದಿಂದಲೇ ಬಾಗಿದ ಕೊಂಡಿಯಲ್ಲ. ಕಣ್ಣ ಸುತ್ತ ಹಳದಿ ಉಂಗುರ. ಕೂತಾಗ ರೆಕ್ಕೆ ಇಳಿಬಿಟ್ಟು ಅಡ್ಡಡ್ಡ ಕೂರುತ್ತದೆ, ಕೂತ ಮೇಲೆ ಬಾಲವನ್ನು ಎಡಬಲಕ್ಕೆ ಅಲ್ಲಾಡಿಸುತ್ತದೆ. ಬಿಜ್ಜು ನೆಟ್ಟಗೆ ಕೂರುತ್ತದೆ, ಹಳದಿ ಕಾಲು ಎದ್ದು ಕಾಣುತ್ತದೆ.

ಗಿಡುಗವೇ ಎಂದಾದ ಮೇಲೆ ಮೂರು ಕಡೆ ನೋಡಿ: ಗಂಟಲು, ಬಾಲ, ಬಾಲದ ಬುಡ.

ಬಿಜ್ಜುವಿನ ಗಂಟಲ ನಡುವೆ ತೆಳುವಾದ ಬೂದು ಗೆರೆ, ದೂರದಿಂದ ಕಾಣುವುದೇ ಇಲ್ಲ. ಎದೆಯಲ್ಲಿ ನಯವಾದ ಇಟ್ಟಿಗೆ ಬಣ್ಣದ ಅಡ್ಡಪಟ್ಟೆ. ಬಲಿತ ಗಂಡಿಗೆ ಕೆಂಪು ಕಣ್ಣು, ಹೆಣ್ಣಿಗೆ ಹಳದಿ-ಕಿತ್ತಳೆ, ಗಾತ್ರದಲ್ಲಿ ಹೆಣ್ಣು ದೊಡ್ಡದು. ಬಲಿತ ಗಂಡಿನ ಬಾಲದ ನಡುಗರಿಗಳಲ್ಲಿ ಪಟ್ಟೆ ಇರುವುದಿಲ್ಲ. ಬಾಲ ಮುಚ್ಚಿ ಕೂತಾಗ ಮೇಲಿನಿಂದ ನೋಡಿದರೆ ಬರೀ ಬೂದು.

ಬೆಸ್ರಾ ಇನ್ನೊಂದು ಗಿಡುಗ: ಗಂಟಲಲ್ಲಿ ದಪ್ಪ ಕಪ್ಪು ಗೆರೆ, ಎದೆಯ ನಡುವೆ ಉದ್ದ ಗೀರುಗಳು, ಬಾಲದಲ್ಲಿ ಅಗಲ ಪಟ್ಟೆಗಳು. ಅದು ದಟ್ಟ ಕಾಡಿನ ಹಕ್ಕಿ. ಬಸ್ ನಿಲ್ದಾಣದ ಹಿಂದೆ “ಬೆಸ್ರಾ” ಕಂಡರೆ ಹತ್ತರಲ್ಲಿ ಒಂಬತ್ತು ಸಲ ಅದು ಮರಿಬಿಜ್ಜು. ಮರಿಬಿಜ್ಜುವಿನ ಮೈ ಕಂದು, ಎದೆಯಲ್ಲಿ ಹನಿಹನಿಯಾಗಿ ಇಳಿದ ಕಂದು ಗೀರು, ಗಂಟಲ ಗೆರೆಯೂ ಬಲಿತದ್ದಕ್ಕಿಂತ ಎದ್ದು ಕಾಣುತ್ತದೆ. ಗೊಂದಲದ ಮೂಲ ಅದೇ.

ಕ್ರೆಸ್ಟೆಡ್ ಗೊಶಾಕ್ ತೋಟ ಮತ್ತು ದೇವರಕಾಡಿನ ಅಂಚಿನಲ್ಲಿ ಸಿಗುತ್ತದೆ. ಬಿಜ್ಜುವಿಗಿಂತ ದಪ್ಪ, ತಲೆಯ ಹಿಂದೆ ಗಿಡ್ಡ ಜುಟ್ಟು, ರೆಕ್ಕೆ ಅಗಲ ಮತ್ತು ಹಿಂಬದಿ ಉಬ್ಬು. ಹಾರುತ್ತಾ ತೋರಿಸಿಕೊಳ್ಳುವಾಗ ಬಾಲದ ಬುಡದ ಬಿಳಿ ಪುಕ್ಕವನ್ನು ಉಬ್ಬಿಸುತ್ತದೆ, ಮಗುವಿಗೆ ಲಂಗೋಟಿ ಕಟ್ಟಿದ ಹಾಗೆ. ಅದು ಕಂಡರೆ ಬೇರೆ ಗುರುತು ಹುಡುಕಬೇಕಾಗಿಲ್ಲ.

ಕಾವೇರಿ_ದಡ

ಕುಶಾಲನಗರ ಕಡೆಯ ಲೆಕ್ಕ ಸ್ವಲ್ಪ ಬೇರೆ. ಮಡಿಕೇರಿಗಿಂತ ಸುಮಾರು 300 ಮೀಟರ್ ತಗ್ಗು, ಮಳೆಯೂ ಕಡಿಮೆ, ಬಯಲು ಹೆಚ್ಚು. ಇಲ್ಲಿ ಮಾಂಸದಂಗಡಿ, ಸಂತೆ, ಹೊಳೆ ಬದಿಯಲ್ಲಿ ಕಾಣುವುದು ಹದ್ದು ಮತ್ತು ಗರುಡ. ಬಲಿತ ಗರುಡವನ್ನು ಯಾರೂ ತಪ್ಪು ತಿಳಿಯುವುದಿಲ್ಲ, ಬಿಳಿ ತಲೆ, ಕೆಂಗಂದು ಮೈ. ಕಷ್ಟ ಇರುವುದು ಮರಿಗರುಡದಲ್ಲಿ. ಅದೂ ಹದ್ದಿನಂತೆ ಕಂದು. ಬಾಲ ನೋಡಿ: ಹದ್ದಿನ ಬಾಲ ಕವಲು, ಗಾಳಿಯಲ್ಲಿ ತಿರುಚುತ್ತಾ ಇರುತ್ತದೆ. ಗರುಡದ ಬಾಲ ದುಂಡು. ಹದ್ದು ಬಾಲ ಪೂರ್ತಿ ಬಿಡಿಸಿದಾಗ ಕವಲು ಮಾಯವಾಗುತ್ತದೆ, ಹಾಗಾಗಿ ಒಂದೇ ಫೋಟೋ ಸಾಲದು.

ಕೊಯ್ಲಾದ ಗದ್ದೆಯ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುವ ಬಿಳಿ-ಬೂದು ಹಕ್ಕಿ, ಭುಜದಲ್ಲಿ ಕಪ್ಪು ಮಚ್ಚೆ, ಕೆಂಪು ಕಣ್ಣು: ಅದು ರಾಮದಾಸ ಹದ್ದು. ಇಲಿ ಹಿಡಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಗದ್ದೆಯ ಕರೆಂಟ್ ತಂತಿ ನೋಡಿಕೊಂಡು ಹೋದರೆ ಸಾಕು. ಕಂದು ಬೆನ್ನಿನ ಹಕ್ಕಿ ಹಾಗೆ ನಿಂತರೆ ಕೆಸ್ಟ್ರೆಲ್, ಚಳಿಗಾಲದ ಅತಿಥಿ. ಅದಕ್ಕೆ ಮಾಂದಲ್‌ಪಟ್ಟಿಯಂಥ ಹುಲ್ಲುಗುಡ್ಡ ಇಷ್ಟ.

ತೋಟದಂಚು

ಮಡಿಕೇರಿಯಲ್ಲಿ ಇನ್ನೊಂದು ಅನುಕೂಲ ಇದೆ, ಬಹಳ ಜನ ಬಳಸಿಕೊಳ್ಳುವುದಿಲ್ಲ. ರಾಜಾಸೀಟ್ ಸಾಲಿನ ಮನೆಗಳಿಂದ, ಏಣುಗಳ ಮೇಲಿನ ಯಾವುದೇ ಮನೆಯಿಂದ, ಕಣಿವೆಯ ಹಕ್ಕಿ ನಮ್ಮ ಕಣ್ಣಿನ ಮಟ್ಟದಲ್ಲೋ ಕೆಳಗೋ ಹಾರುತ್ತದೆ. ಅಂದರೆ ಬೆನ್ನು ಕಾಣುತ್ತದೆ. ಪುಸ್ತಕಗಳ ಹಾರುವ ಚಿತ್ರಗಳು ಹೆಚ್ಚಾಗಿ ಹೊಟ್ಟೆಯ ಕಡೆಯವು. ಬೆನ್ನಿನ ಕಡೆಯ ಗುರುತು ಬೇರೆಯೇ ಕಲಿಯಬೇಕು.

ಬಿಸಿಗಾಳಿ ಏಳುವ ಹೊತ್ತು ಬಿಸಿಲಿದ್ದ ದಿನ ಸುಮಾರು 9:30ರಿಂದ 11:30. ಆಗ ಮೇಲೇರುವುದರಲ್ಲಿ ಮೊದಲು ಕೇಳಿಸುವುದು ಸರ್ಪಗರುಡ. ‘ಕೀ-ಕೀ-ಕ್ಲೀಯು’ ಅನ್ನುವ ಸಿಳ್ಳು ಅರ್ಧ ಕಿಲೋಮೀಟರಿನಿಂದಲೂ ಬರುತ್ತದೆ. ರೆಕ್ಕೆಯ ಅಡಿ ಹಿಂದಂಚಿನಲ್ಲಿ ಅಗಲವಾದ ಬಿಳಿ ಪಟ್ಟಿ, ಬಾಲದಲ್ಲೂ ಅಂಥದೇ ಒಂದು. ಪೂರ್ತಿ ಕಪ್ಪು, ಹಳದಿ ಕಾಲು, ಮರದ ನೆತ್ತಿಗೆ ತಾಗುವಷ್ಟು ಕೆಳಗೆ ನಿಧಾನಕ್ಕೆ ತೇಲುತ್ತಾ ಹೋಗುವುದು ಬ್ಲಾಕ್ ಈಗಲ್. ಅದು ಹುಡುಕುವುದು ಬೇರೆ ಹಕ್ಕಿಗಳ ಗೂಡು, ಮೊಟ್ಟೆ, ಮರಿ. ಅದು ಬಂದಾಗ ಪಿಕಳಾರಗಳ ಗಲಾಟೆ ತೋಟದ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯುತ್ತಾ ಹೋಗುತ್ತದೆ. ಆ ಸದ್ದಿನ ಮುಂದೆ ಕಣ್ಣಿಡಿ.

ಮಳೆಗಾಲದಲ್ಲಿ ಬೇರೆ ಕ್ರಮ. ಮಂಜಿನಲ್ಲಿ ಕಾಯುವುದು ವ್ಯರ್ಥ. ಜೋರು ಮಳೆ ನಿಂತು ಬಿಸಿಲು ಇಣುಕಿದ ಮೊದಲ ಅರ್ಧ ಗಂಟೆ ಹಿಡಿಯಿರಿ. ನೆನೆದ ಹಕ್ಕಿಗಳು ರೆಕ್ಕೆ ಒಣಗಿಸಲು ಒಣಕೊಂಬೆ, ಕಂಬ, ಟವರ್ ಮೇಲೆ ಬಯಲಿಗೆ ಬರುತ್ತವೆ. ವರ್ಷದಲ್ಲಿ ಬಿಜ್ಜು ಇಷ್ಟು ಸುಲಭವಾಗಿ ಕಾಣುವ ಹೊತ್ತು ಇನ್ನೊಂದಿಲ್ಲ.

ಹೊಸ_ಬೈನಾಕ್ಯುಲರ್

ಯಾವ ಬೈನಾಕ್ಯುಲರ್ ತಗೊಳ್ಳಲಿ? 10×50 ಚೆನ್ನಾಗಿದೆ ಅಂತ ಅಂಗಡಿಯವರು ಹೇಳುತ್ತಾರೆ. 20× ಕೂಡ ಇದೆಯಂತೆ.

ಎರಡನೇ_ಮಹಡಿ

20× ಮರೆತುಬಿಡಿ. ಕೈಯಲ್ಲಿ ಹಿಡಿದರೆ ಕಾಣುವುದು ನಿಮ್ಮ ನಾಡಿಬಡಿತ ಮಾತ್ರ. 8×42 ತಗೊಳ್ಳಿ, ಅಂದರೆ ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಮಸೂರ 42 ಮಿ.ಮೀ. ಅಗಲ ಇರುವಂಥದು. 42ನ್ನು 8ರಿಂದ ಭಾಗಿಸಿದರೆ 5.25 ಮಿ.ಮೀ., ಕಣ್ಣಿಗೆ ಬರುವ ಬೆಳಕಿನ ವೃತ್ತ ಅಷ್ಟು ಅಗಲ. 8×25 ಜೇಬಿಗೆ ಹಿಡಿಸುತ್ತದೆ ನಿಜ, ಆದರೆ ಅದರಲ್ಲಿ 3 ಮಿ.ಮೀ. ಚಿಲ್ಲರೆ. ಮೋಡದ ಬೆಳಿಗ್ಗೆ ತೋಟದ ನೆರಳಿನಲ್ಲಿ ಎಲ್ಲ ಕಪ್ಪು.

ತಂದ ದಿನವೇ ಎರಡು ಕಣ್ಣಿಗೆ ಹೊಂದಿಸಿ. 30 ಮೀಟರ್ ದೂರದ ಕರೆಂಟ್ ತಂತಿ ಆರಿಸಿ. ಬಲಗಣ್ಣು ಮುಚ್ಚಿ ನಡುವಿನ ಚಕ್ರ ತಿರುಗಿಸಿ ತಂತಿ ಚೂಪಾಗುವ ತನಕ. ಆಮೇಲೆ ಎಡಗಣ್ಣು ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲ ಕಣ್ಣಿನ ಕೊಳವೆಯ ಉಂಗುರ ತಿರುಗಿಸಿ. ಉಂಗುರ ನಿಂತ ಜಾಗಕ್ಕೆ ಪೆನ್ನಿನಲ್ಲಿ ಚುಕ್ಕೆ ಇಡಿ. “ಸ್ವಲ್ಪ ಹೊತ್ತು ನೋಡಿದರೆ ತಲೆನೋವು” ಅನ್ನುವವರಲ್ಲಿ ಹೆಚ್ಚಿನವರು ಇದನ್ನು ಮಾಡಿರುವುದಿಲ್ಲ.

ಹಾರುವ ಹಕ್ಕಿಯನ್ನು ಬೈನಾಕ್ಯುಲರ್ ಒಳಗೆ ಹುಡುಕಬೇಡಿ. ಕಣ್ಣು ಹಕ್ಕಿಯ ಮೇಲೇ ಇರಲಿ, ಬೈನಾಕ್ಯುಲರ್ ಕಣ್ಣಿನ ಬಳಿಗೆ ಬರಲಿ.

ಇನ್ನು ಕೊಡಗಿನ ದೊಡ್ಡ ಖರ್ಚು: ಬೂಸ್ಟು. ಗಾಳಿಯ ತೇವ 60-65 ಶೇಕಡ ದಾಟಿ ವಾರಗಟ್ಟಲೆ ನಿಂತರೆ ಮಸೂರದ ಒಳಗೆ ಜೇಡರ ಬಲೆಯಂಥ ಎಳೆ ಬೆಳೆಯುತ್ತದೆ. ಜುಲೈಯಲ್ಲಿ ಮನೆಯೊಳಗೇ ಅದಕ್ಕಿಂತ ಎಷ್ಟೋ ಹೆಚ್ಚು. ರಬ್ಬರ್ ಅಂಚಿನ ಬಿಗಿ ಡಬ್ಬಿ 10 ಲೀಟರಿನದು, 250 ಗ್ರಾಂ ಸಿಲಿಕಾ ಜೆಲ್, ಒಳಗೊಂದು ಸಣ್ಣ ತೇವಮಾಪಕ. ಮುಳ್ಳು 40-50ರ ನಡುವೆ ಇರಲಿ. 30ಕ್ಕಿಂತ ಕೆಳಗಿಳಿದರೆ ರಬ್ಬರ್, ಗ್ರೀಸ್ ಒಣಗುತ್ತವೆ. ನೀಲಿ ಜೆಲ್ ನಸುಗೆಂಪಾದರೆ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ. ನೀಲಿಯಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡಬೇಡಿ, ಬದಲಿಗೆ ಕಿತ್ತಳೆ ಬಣ್ಣದ್ದು ತಗೊಳ್ಳಬಹುದು. ಡಬ್ಬಿಯಲ್ಲಿ ಅಕ್ಕಿ ಹಾಕುವುದು ಪ್ರಯೋಜನವಿಲ್ಲ, ಧೂಳು ಬೇರೆ. ಕಪಾಟಿನಲ್ಲಿ ಬಲ್ಬ್ ಉರಿಸುವ ಹಳೆ ಪದ್ಧತಿ ಬಿಸಿಯಾಗುವ ಬಲ್ಬಿಗೆ ಸರಿ, ಎಲ್‌ಇಡಿ ಹಾಕಿ ಕಾಯುವುದರಲ್ಲಿ ಅರ್ಥವಿಲ್ಲ.

ಗದ್ದೆಬಯಲು

ಕ್ಯಾಮೆರಾದವರಿಗೆ ಎರಡು ಮಾತು. ಬಿಳಿ ಮೋಡದ ಎದುರು ಹಕ್ಕಿ ಕಪ್ಪಾಗುತ್ತದೆ, ಎಕ್ಸ್‌ಪೋಷರ್ +1ರಿಂದ +1.7 ಇಡಿ. ತೇಲುವ ಹಕ್ಕಿಗೆ ಶಟರ್ ವೇಗ 1/1000 ಸಾಕು, ಬಿಜ್ಜುವಿಗೆ 1/2000 ಬೇಕು. ಗುರುತಿಗೆ ಬೇಕಾದ ಫೋಟೋ ಚೆಂದದ ಫೋಟೋ ಅಲ್ಲ. ಗಂಟಲು, ಮುಚ್ಚಿದ ಬಾಲ, ಬಿಡಿಸಿದ ಬಾಲ, ರೆಕ್ಕೆಯ ತುದಿ, ಇವು ನಾಲ್ಕೂ ಬರುವ ಹಾಗೆ ಒಂದು ಸಾಲು ತೆಗೆಯಿರಿ. ಬಣ್ಣ ಏರಿಸಿ ಹಾಕಿದರೆ ಕಣ್ಣಿನ ಬಣ್ಣವೇ ಬದಲಾಗಿರುತ್ತದೆ.

ಕೋಳಿಗೂಡು

ನೀವೆಲ್ಲ ನೋಡಿ ಖುಷಿಪಡುತ್ತೀರಿ, ಇಲ್ಲಿ ನಾಟಿ ಕೋಳಿ ಮರಿ ದಿನಕ್ಕೊಂದು ಹೋಗುತ್ತಿದೆ. ಗಿಡುಗ ಓಡಿಸುವುದು ಹೇಗೆ ಅಂತ ಯಾರಾದರೂ ಹೇಳಿ.

ಮಂಜುಮಲೆ

ಅಕ್ಕ, ಮೊದಲು ಕಳ್ಳ ಯಾರು ಅಂತ ನೋಡಬೇಕು. ಉಳಿದ ಗರಿ ಹೇಳುತ್ತದೆ. ಗಿಡುಗ ಗರಿಯನ್ನು ಒಂದೊಂದಾಗಿ ಕಿತ್ತು ಹಾಕುತ್ತದೆ: ಗರಿಯ ಬುಡ ಪೂರ್ತಿ ಇರುತ್ತದೆ, ದಂಟಿನ ಮೇಲೆ ಕೊಕ್ಕಿನ ಸಣ್ಣ ಒತ್ತುಗುರುತು ಇರಬಹುದು. ಬೆಕ್ಕು, ಮುಂಗುಸಿ, ಕಬ್ಬೆಕ್ಕು ಹಲ್ಲಿನಲ್ಲಿ ಕಚ್ಚುವುದರಿಂದ ದಂಟು ಮುರಿದು, ಬುಡ ಜಜ್ಜಿ, ಎಂಜಲಿಗೆ ಗರಿಗಳು ಅಂಟಿಕೊಂಡಿರುತ್ತವೆ. ರಾತ್ರಿ ಹೋಗಿದ್ದರೆ ಗಿಡುಗದ ಮೇಲೆ ಹೊರಿಸಬೇಡಿ. ಗರಿಯೇ ಇಲ್ಲದೆ ಮರಿ ಮಾಯವಾಗಿದ್ದರೆ ಹಾವನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಗಲು ಕಾಗೆಯೂ ಎಳೆಮರಿ ಎತ್ತುತ್ತದೆ.

ಬಿಜ್ಜು ಎತ್ತುವುದು ಎಳೆಮರಿಯನ್ನು. ಬೆಳೆದ ಕೋಳಿ ಹೋಗಿದ್ದರೆ ಜುಟ್ಟಿನ ಹಾಕ್-ಈಗಲ್ ಇರಬಹುದು, ಅದು ಬಿಜ್ಜುವಿನ ಎರಡರಷ್ಟು ಉದ್ದ.

ಎರಡಕ್ಕೂ ಉಪಾಯ ಒಂದೇ, ಮರೆ ಒದಗಿಸುವುದು. ಮೊದಲ ಆರು ವಾರ ಮರಿಗಳನ್ನು ಬಯಲಿಗೆ ಬಿಡಬೇಡಿ. 2.5 ಸೆಂ.ಮೀ. ಕಣ್ಣಿನ ತಂತಿಬಲೆ, ಬದಿಗೂ ಮೇಲಕ್ಕೂ, ಬಿಗಿಯಾಗಿ ಎಳೆದು ಕಟ್ಟಿ. ಮೀನುಬಲೆಯಂಥ ತೆಳು ನೈಲಾನ್ ಸಡಿಲವಾಗಿ ಹೊದಿಸಬೇಡಿ. ಅದು ಕಣ್ಣಿಗೆ ಕಾಣದೆ ಗೂಬೆ, ಹಾವು, ಗಿಡುಗ ಎಲ್ಲ ಸಿಕ್ಕಿ ಸಾಯುತ್ತವೆ, ಮರಿಯೂ ಉಳಿಯುವುದಿಲ್ಲ. ದೊಡ್ಡ ಕೋಳಿಗೆ ಬಯಲಿನಲ್ಲಿ ಓಡಿ ಅಡಗುವ ಜಾಗ ಬೇಕು: ಕಾಫಿ ಗಿಡದ ಬುಡ, ತಗ್ಗಿನ ಚಪ್ಪರ, ಹತ್ತು ಹೆಜ್ಜೆಗೊಂದು. ಹೊಳೆಯುವ ಸಿ.ಡಿ., ಬೆದರುಬೊಂಬೆ ಒಂದು ವಾರ ಕೆಲಸ ಮಾಡಬಹುದು, ಆಮೇಲೆ ಗಿಡುಗ ಅದರ ಮೇಲೇ ಕೂರುತ್ತದೆ.

ಕೋಳಿಗೂಡು

ಒಂದು ಗುಂಡು ಹಾರಿಸಿದರೆ ಮುಗೀತು ಅಂತಾರೆ ಪಕ್ಕದ ತೋಟದವರು.

ತೋಟದಂಚು

ಮುಗಿಯುವುದು ಅವರ ನೆಮ್ಮದಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬಿಜ್ಜು ಮೊದಲ ಅನುಸೂಚಿಯ ಹಕ್ಕಿ. ಮೊಟ್ಟೆ ಒಡೆಯುವುದು, ಗೂಡು ಕೆಡಿಸುವುದು ಕೂಡ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ಕೊಡಗಿನಲ್ಲಿ ಕೆಲವರಿಗೆ ಕೋವಿ ಪರವಾನಗಿಯ ವಿನಾಯಿತಿ ಇರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲದೆ ಒಂದು ಜೋಡಿ ಖಾಲಿ ಮಾಡಿದ ಜಾಗಕ್ಕೆ ಇನ್ನೊಂದು ಬರುತ್ತದೆ, ಬಲೆ ಹಾಕುವ ಕೆಲಸ ಹಾಗೇ ಉಳಿಯುತ್ತದೆ.

ಮರಗಸಿ_ಮೇಸ್ತ್ರಿ

ಗೂಡಿನ ವಿಷಯ ಬಂದಿದ್ದಕ್ಕೆ ಕೇಳುತ್ತೇನೆ. ಮರಗಸಿ, ಅಂದರೆ ಕಾಫಿ ತೋಟದ ನೆರಳುಮರಗಳ ಕೊಂಬೆ ಕಡಿಯುವ ಕೆಲಸ, ಏಪ್ರಿಲ್-ಮೇಯಲ್ಲಿ ಮುಗಿಸಬೇಕು. ಮರ ಹತ್ತಿದ ಮೇಲೆ ಗೂಡು ಸಿಕ್ಕರೆ ಏನು ಮಾಡುವುದು? ನೆರಳು ಹಾಗೇ ಉಳಿಸಿದರೆ ಕಾಫಿಗೆ ಕೊಳೆರೋಗ ಬರುತ್ತದೆ ಅಂತ ಸಾಹುಕಾರರು ಒಪ್ಪುವುದಿಲ್ಲ.

ತೋಟದಂಚು

ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ಬೇಟೆಗಾರರಿಗಿಂತ ಕತ್ತಿಯಿಂದಲೇ ಇಲ್ಲಿ ಹೆಚ್ಚು ಗೂಡು ಬೀಳುತ್ತದೆ, ಯಾರಿಗೂ ಕೆಟ್ಟ ಉದ್ದೇಶ ಇಲ್ಲದೆ.

ಕ್ಯಾಲೆಂಡರ್ ಹೀಗಿದೆ. ಬಿಜ್ಜು ಕಡ್ಡಿ ಒಯ್ಯುವುದು ಫೆಬ್ರವರಿ-ಮಾರ್ಚ್. ಮೊಟ್ಟೆ ಸಾಮಾನ್ಯವಾಗಿ 3-4. ಕಾವು ಸುಮಾರು ಮೂರು ವಾರ. ಮರಿ ಗೂಡಿನಲ್ಲಿ ಸುಮಾರು ನಾಲ್ಕು ವಾರ, ಆಮೇಲೂ ಕೆಲವು ವಾರ ಅದೇ ಮರದ ಸುತ್ತ. ಅಂದರೆ ಮರಗಸಿ ಮತ್ತು ಮರಿ ಒಂದೇ ತಿಂಗಳಿನಲ್ಲಿ ಬೀಳುತ್ತವೆ. ಮರ ಹತ್ತಿದ ಮೇಲೆ ಗೊತ್ತಾದರೆ ತಡವಾಯಿತು. ಮಾರ್ಚ್‌ನಲ್ಲಿ ಕಾಳುಮೆಣಸು ಕೊಯ್ಯುವಾಗಲೇ ನೋಡಬೇಕು, ಹೇಗೂ ಏಣಿ ಹಾಕಿ ಪ್ರತಿ ಮರ ಹತ್ತುವವರು ಇರುತ್ತಾರೆ.

ಗುರುತು: ಎತ್ತರದ ಕವಲಿನಲ್ಲಿ ಕಾಗೆಗೂಡಿನಂಥ ಕಡ್ಡಿಯ ತಟ್ಟೆ. ಕಾಗೆಯದೋ ಗಿಡುಗದ್ದೋ ಅನುಮಾನ ಬಂದರೆ ನೆಲ ನೋಡಿ. ಮರಿ ಬೆಳೆದ ಗಿಡುಗದ ಗೂಡಿನ ಅಡಿ ಹಿಕ್ಕೆ ಉದ್ದ ಗೀರಾಗಿ ದೂರಕ್ಕೆ ಚಿಮ್ಮಿರುತ್ತದೆ, ಕಾಫಿ ಎಲೆಗಳ ಮೇಲೆ ಸುಣ್ಣ ಎರಚಿದ ಗೆರೆಗಳು ಒಂದೇ ಕಡೆಗೆ. ಗೂಬೆಯದು ನೇರ ಕೆಳಗೆ ಗುಡ್ಡೆಯಾಗಿ ಬೀಳುತ್ತದೆ. ಸ್ವಲ್ಪ ದೂರದ ಅಡ್ಡಕೊಂಬೆಯ ಕೆಳಗೆ ಕಿತ್ತ ಗರಿ, ಓತಿಕ್ಯಾತದ ಬಾಲ, ಅಳಿಲಿನ ಕೂದಲು ಸಿಕ್ಕರೆ ಅದು ಗಂಡು ಬೇಟೆ ತಂದು ಸ್ವಚ್ಛ ಮಾಡುವ ಜಾಗ. ಉಗುಳಿದ ಉಂಡೆ ಸಿಕ್ಕಿದರೆ ಒಡೆದು ನೋಡಿ: ಗೂಬೆಯದರಲ್ಲಿ ಎಲುಬು ಇಡಿಯಾಗಿ ಇರುತ್ತದೆ, ಗಿಡುಗದ ಹೊಟ್ಟೆ ಎಲುಬನ್ನು ಕರಗಿಸುವುದರಿಂದ ಬರೀ ಗರಿ-ಕೂದಲು.

ಗೂಡು ಇದ್ದ ಮರ, ಅದಕ್ಕೆ ಕೊಂಬೆ ತಾಗುವ ಸುತ್ತಲಿನ ಮರಗಳು, ಇಷ್ಟನ್ನು ಪಟ್ಟಿಯ ಕೊನೆಗೆ ಹಾಕಿ. ಕೆಲಸ ತೋಟದ ಇನ್ನೊಂದು ತುದಿಯಿಂದ ಶುರುವಾಗಲಿ. ಎಷ್ಟೋ ಸಲ ಸರದಿ ಬರುವ ಹೊತ್ತಿಗೆ ಮರಿ ಹಾರಿರುತ್ತದೆ. ಹಾರಿರದಿದ್ದರೆ ಆ ಮರಗಳನ್ನು ಈ ವರ್ಷ ಬಿಡುವುದೇ ಸರಿ. ಕೊಳೆರೋಗಕ್ಕೆ ಕಾರಣ ಇಡೀ ತಾಕಿನಲ್ಲಿ ಗಾಳಿ-ಬೆಳಕು ಕಟ್ಟುವುದು. ಸುತ್ತ ಎಲ್ಲ ಗಸಿ ಮಾಡಿದ್ದರೆ ನಾಲ್ಕು ಮರದ ನೆರಳಿನಿಂದ ತಾಕು ಕೊಳೆಯುವುದಿಲ್ಲ. ಆ ಮರಗಳ ಕೆಳಗಿನ ಅರೇಬಿಕಾ ಗಿಡಗಳ ಒಳಚಿಗುರು ತೆಗೆದು, ಮಳೆಗೆ ಮುಂಚೆ ಬೋರ್ಡೋ ದ್ರಾವಣ ಸಿಂಪಡಿಸಿದರೆ ಸಾಹುಕಾರರಿಗೂ ಸಮಾಧಾನ. ರೋಬಸ್ಟಾ ಆದರೆ ಆ ಚಿಂತೆ ಇನ್ನೂ ಕಡಿಮೆ.

ಎರಡನೇ_ಮಹಡಿ

“ಗೂಡಿನ ಸುತ್ತ ನಾಲ್ಕು ಕೊಂಬೆ ಮಾತ್ರ ಬಿಟ್ಟು ಉಳಿದದ್ದು ಕಡಿದರೆ ಆಗದೇ?” ಅಂತ ಕೇಳುವವರಿಗೆ: ಆಗುವುದಿಲ್ಲ. ಮರೆ ಹೋದ ಗೂಡು ಕಾಗೆಗೆ ತೆರೆದಿಟ್ಟ ಹಾಗೆ, ಮಧ್ಯಾಹ್ನದ ಬಿಸಿಲೂ ನೇರ ಎಳೆಮರಿ ಮೇಲೆ. ಫೋಟೋಗೋಸ್ಕರ ಅಡ್ಡ ಬಂದ ಎಲೆ ಮುರಿಯುವವರಿಗೂ ಇದೇ ಉತ್ತರ.

ಗೂಡಿಗೆ 50 ಮೀಟರ್ ಒಳಗೆ ಹೋಗದಿರಿ. ದೂರದಿಂದಲೂ ಹಕ್ಕಿ ಎದ್ದು ನಿಂತು ನಿಮ್ಮನ್ನೇ ನೋಡಿದರೆ, ಬಿಡದೆ ಕೂಗಿದರೆ, ಬೇಟೆ ಹಿಡಿದು ಬಂದ ಗಂಡು ಪಕ್ಕದ ಮರದಲ್ಲೇ ನಿಂತರೆ, ನೀವು ಹತ್ತಿರ ಬಂದಿದ್ದೀರಿ ಅಂತ ಅರ್ಥ. ಮಳೆ ಹನಿಯುವಾಗ ಕಾವಿನ ಗೂಡಿನ ಬಳಿ ಹೋಗಲೇಬೇಡಿ. ಹೆಣ್ಣು ಎದ್ದರೆ ಮೊಟ್ಟೆ ತಣ್ಣಗಾಗುತ್ತದೆ. ಡ್ರೋನ್ ಬಗ್ಗೆ ಚರ್ಚೆಯೇ ಬೇಡ.

ಕಾವೇರಿ_ದಡ

ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದು? ಒಂದೆರಡು ಸಲ ಹಾಕಿದರೆ ಏನೂ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಾಡಿನ ಸಮೀಕ್ಷೆಗಳಲ್ಲೂ ಬಳಸುತ್ತಾರೆ.

ಮಂಜುಮಲೆ

ಸಮೀಕ್ಷೆಯಲ್ಲಿ ಒಂದು ಜಾಗಕ್ಕೆ ಒಮ್ಮೆ, ಲೆಕ್ಕ ಹಾಕಿ ಬಳಸುತ್ತಾರೆ. ಬಡಾವಣೆಯಲ್ಲಿ ಹತ್ತು ಮನೆಯವರು ಒಂದೊಂದು ಸಲ ಹಾಕಿದರೆ ಆ ಗಂಡಿಗೆ ದಿನಕ್ಕೆ ಹತ್ತು ಹೊಸ ಶತ್ರು. ಮರಿಗೆ ತರಬೇಕಾದ ಓತಿಕ್ಯಾತ ಬಿಟ್ಟು ಗಡಿ ಕಾಯುತ್ತಾ ಕೂರುತ್ತದೆ. ಆ್ಯಪ್‌ನಿಂದ ಕೂಗು ಗುರುತಿಸಿ, ತೊಂದರೆ ಇಲ್ಲ, ತಿರುಗಿ ನುಡಿಸಬೇಡಿ. ಭೀಮರಾಜನ ವಿಷಯದಲ್ಲಿ ಆ್ಯಪ್ ಕೂಡ ಮೋಸ ಹೋಗುತ್ತದೆ ಅನ್ನುವುದು ನೆನಪಿರಲಿ.

ಮಾಂಸದ ತುಂಡು ಎಸೆದು ಹದ್ದು, ಗರುಡಗಳನ್ನು ಕರೆಯುವುದೂ ಬೇಡ. ಕೈಯಲ್ಲಿ ತಿಂಡಿ ಹಿಡಿದ ಮಕ್ಕಳ ಮೇಲೆ ಹದ್ದು ಎರಗುವುದು ಆ ಅಭ್ಯಾಸದಿಂದಲೇ.

ಗದ್ದೆಬಯಲು

ಜೇನುಗಿಡುಗದ ಬಗ್ಗೆ ಯಾರೂ ಹೇಳಲಿಲ್ಲ. ನೋಡಲು ಚೆಂದ, ಆದರೆ ನೋಡುವವರಿಗೆ ಅಪಾಯ ಇರುವುದು ಇದೊಂದರಿಂದಲೇ. ದೊಡ್ಡ ಹಕ್ಕಿ, ಪಾರಿವಾಳದಂಥ ಸಣ್ಣ ತಲೆ, ಉದ್ದ ಕತ್ತು. ನೀರಿನ ಟ್ಯಾಂಕ್, ಎತ್ತರದ ಮರಗಳಲ್ಲಿ ಹೆಜ್ಜೇನು ಕಟ್ಟಿದ ಕಡೆ ಬಂದು ರೊಟ್ಟು ಕೀಳುತ್ತದೆ. ಅದಕ್ಕೆ ಬೇಕಾಗಿರುವುದು ಒಳಗಿನ ಮರಿಹುಳು. ಅದರ ಮುಖಕ್ಕೆ ಚಿಪ್ಪಿನಂಥ ಗಟ್ಟಿ ಗರಿಯ ಕವಚ ಇದೆ. ಕೆಳಗೆ ನಿಂತವರಿಗೆ ಇಲ್ಲ.

ಹೆಜ್ಜೇನಿನ ಮೇಲೆ ದೊಡ್ಡ ಹಕ್ಕಿ ಸುತ್ತುವುದು ಕಂಡರೆ ನಾಯಿ-ದನ ಕಟ್ಟಿದ್ದರೆ ಬಿಚ್ಚಿ ದೂರ ಅಟ್ಟಿ, ಒಳಗೆ ಹೋಗಿ ಕಿಟಕಿ ಹಾಕಿ, ಕನಿಷ್ಠ ಒಂದು ಗಂಟೆ ಹೊರಗೆ ಬರಬೇಡಿ. ಹೊಗೆ ಹಾಕಲು, ಕಲ್ಲು ಹೊಡೆಯಲು ಹೋಗಬೇಡಿ. ನೊಣ ಮುತ್ತಿದರೆ ನಿಲ್ಲದೆ ಓಡಿ ಮುಚ್ಚಿದ ಕೋಣೆ ಸೇರಿ, ನೀರಿಗೆ ಹಾರಬೇಡಿ, ಮೇಲೆ ಬರುವುದನ್ನೇ ಅವು ಕಾಯುತ್ತವೆ. ಮುಳ್ಳನ್ನು ತಕ್ಷಣ ಉಗುರಿನಲ್ಲಿ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ತುಟಿ-ನಾಲಿಗೆ ಊದಿದರೆ, ಹತ್ತಾರು ಕಡೆ ಕಚ್ಚಿದ್ದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ.

ಎರಡನೇ_ಮಹಡಿ

ಕಿಟಕಿ ಗಾಜಿಗೆ ಬಿಜ್ಜು ಬಡಿದು ಬೀಳುವುದು ಇತ್ತೀಚೆಗೆ ಹೆಚ್ಚು, ದೊಡ್ಡ ಗಾಜಿನ ಮನೆಗಳು ಬಂದ ಮೇಲೆ. ಬೆಳವವನ್ನು ಅಟ್ಟಿಕೊಂಡು ಬಂದು ಗಾಜಿನಲ್ಲಿ ಕಾಣುವ ತೋಟದೊಳಗೆ ನುಗ್ಗುತ್ತದೆ. ಪೇಟೆಯಲ್ಲಿ ಸಿಗುವ ಗಿಡುಗದ ಆಕಾರದ ಒಂದು ಸ್ಟಿಕರ್ ಅಂಟಿಸುವುದರಿಂದ ಏನೂ ಉಪಯೋಗವಿಲ್ಲ. ಹಕ್ಕಿಗಳು ಆ ಸ್ಟಿಕರನ್ನು ತಪ್ಪಿಸಿ ಪಕ್ಕದ ಗಾಜಿಗೆ ಬಡಿಯುತ್ತವೆ. ಗಾಜಿನ ಹೊರಮೈಗೆ 5 ಸೆಂ.ಮೀ.ಗೊಂದರಂತೆ, ಅಡ್ಡಕ್ಕೂ ಉದ್ದಕ್ಕೂ, ಬಿಳಿ ಚುಕ್ಕೆ ಇಡಬೇಕು. ಒಳಮೈಗೆ ಇಟ್ಟರೆ ಪ್ರತಿಬಿಂಬ ಹಾಗೇ ಉಳಿಯುತ್ತದೆ.

ಪಂಜರವಿಲ್ಲ

ಬಿದ್ದ ಹಕ್ಕಿಯನ್ನು ಹಿಡಿಯುವ ಬಗ್ಗೆ. ಹೆದರಬೇಕಾದ್ದು ಕೊಕ್ಕಿಗಲ್ಲ, ಉಗುರಿಗೆ. ದಪ್ಪ ಬಟ್ಟೆಯನ್ನು ಹಿಂದಿನಿಂದ ತಲೆಯೂ ಸೇರಿ ಹೊದಿಸಿ, ರೆಕ್ಕೆ ಮೈಗೆ ಒತ್ತಿ ಹಿಡಿದು, ಎರಡೂ ಕಾಲನ್ನು ಪಾದದ ಮೇಲೆ ಹಿಡಿಯಿರಿ. ಉಗುರು ಕೈಗೆ ನೆಟ್ಟರೆ ಎಳೆಯಬೇಡಿ, ಎಳೆದಷ್ಟೂ ಬಿಗಿಯುತ್ತದೆ. ಹಕ್ಕಿಯ ಕಾಲನ್ನು ನಿಧಾನಕ್ಕೆ ನೇರ ಮಾಡಿದರೆ ಹಿಡಿತ ತಾನೇ ಸಡಿಲವಾಗುತ್ತದೆ.

ರಟ್ಟಿನ ಡಬ್ಬಿ, ಸುಮಾರು 45 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ. ಬದಿಗೆ ಪೆನ್ಸಿಲ್ ಗಾತ್ರದ ತೂತು. ಒಳಗೆ ಹಳೆ ಪಂಚೆ ಹಾಸಿ. ಟವೆಲ್ ಬೇಡ, ಅದರ ಕುಣಿಕೆಗೆ ಉಗುರು ಸಿಕ್ಕುತ್ತದೆ. ಮುಚ್ಚಿ ಕತ್ತಲೆ, ಸದ್ದಿಲ್ಲದ ಕೋಣೆ. ಬಾಯಿಗೆ ನೀರು ಹನಿಸಬೇಡಿ, ಶ್ವಾಸಕ್ಕೆ ಹೋಗಿ ಸಾಯುತ್ತದೆ. ಒಂದೆರಡು ಗಂಟೆ ಬಿಟ್ಟು ಹೊರಗೆ ಬಯಲಿನಲ್ಲಿ ಮುಚ್ಚಳ ತೆರೆಯಿರಿ. ಹಾರಿದರೆ ಸರಿ. ರೆಕ್ಕೆ ಜೋತಿದ್ದರೆ, ರಕ್ತ ಇದ್ದರೆ, ಹಾರದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ಸಹಾಯವಾಣಿ 1926. ಗಾಯವಿಲ್ಲದೆ ಮಂಕಾಗಿ ನೆಲದಲ್ಲಿ ಕೂತಿದ್ದರೆ, ಹತ್ತಿರದಲ್ಲಿ ಇಲಿಪಾಷಾಣ ಇಟ್ಟಿದ್ದರೆ ಅದನ್ನೂ ಹೇಳಿ. ಬ್ರೋಮಾಡಿಯೊಲೋನ್ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ತೂರಾಡುತ್ತಾ ಬಯಲಲ್ಲಿ ಓಡಾಡುವ ಅದೇ ಇಲಿಯನ್ನು ಗಿಡುಗ ಹಿಡಿಯುತ್ತದೆ. ಖಾಲಿ ಪೊಟ್ಟಣ ಸಿಕ್ಕರೆ ಜೊತೆಗೆ ಕೊಡಿ, ಪಶುವೈದ್ಯರಿಗೆ ಚಿಕಿತ್ಸೆ ಸುಲಭವಾಗುತ್ತದೆ.

ಮರಿ ಬಿದ್ದಿದ್ದರೆ ಬೇರೆ ಲೆಕ್ಕ. ಗರಿ ಬಂದು ಕೊಂಬೆ ಹಿಡಿಯುವಷ್ಟು ಬೆಳೆದಿದ್ದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿರುವುದು. ನಾಯಿ-ಬೆಕ್ಕಿಗೆ ಸಿಗದ ಕೊಂಬೆಯ ಮೇಲೆ ಕೂರಿಸಿ ದೂರ ಹೋಗಿ. ಬಿಳಿ ನವಿರು ಮಾತ್ರ ಇದ್ದರೆ ಗೂಡಿಗೆ ಸೇರಿಸಬೇಕು. ಗೂಡೇ ಬಿದ್ದಿದ್ದರೆ 30 ಸೆಂ.ಮೀ. ಅಗಲದ ಬಿದಿರ ಬುಟ್ಟಿ, ತಳದಲ್ಲಿ ನೀರು ಇಳಿಯುವ ಸಂದು, ಮೇಲೆ ಕಡ್ಡಿ ಹಾಸಿ, ಅದೇ ಮರಕ್ಕೆ ಆದಷ್ಟು ಎತ್ತರದಲ್ಲಿ ಕಟ್ಟಿ. ಮನುಷ್ಯರು ಮುಟ್ಟಿದರೆ ತಾಯಿ ಬಿಡುತ್ತದೆ ಅನ್ನುವುದು ಸುಳ್ಳು. ಅನ್ನ, ಹಾಲು, ಬ್ರೆಡ್ ಕೊಡಬೇಡಿ. ಬರೀ ಕೋಳಿ ಮಾಂಸ ಕೊಟ್ಟು ಸಾಕಿದ ಮರಿಗೆ ಸುಣ್ಣದಂಶ ಸಾಲದೆ ಕಾಲೆಲುಬು ಬಾಗುತ್ತದೆ, ಆಮೇಲೆ ಸರಿಯಾಗುವುದಿಲ್ಲ.

ಹೊಸ_ಬೈನಾಕ್ಯುಲರ್

ದಾಖಲೆ ಹೇಗೆ ಬರೆಯುವುದು?

ಮಂಜುಮಲೆ

ಒಂದೇ ಜಾಗ, ಒಂದೇ ಹೊತ್ತು, 45 ನಿಮಿಷ, ವಾರಕ್ಕೆ ಎರಡು ಮೂರು ಸಲ. ಏನೂ ಕಾಣದ ದಿನವನ್ನೂ ಬರೆಯಿರಿ, ಅದಿಲ್ಲದೆ ಕಂಡ ದಿನಕ್ಕೆ ಬೆಲೆ ಇಲ್ಲ. ಮಾದರಿ: “7:40, ಬಿಸಿಲು. ಪಿಕಳಾರ ಗಲಾಟೆ ಎರಡು ನಿಮಿಷ, ಹಲಸಿನ ಮರ. ಬಿಜ್ಜು ಒಂದು, ಕೆಂಪು ಕಣ್ಣು, ಟ್ಯಾಂಕ್ ಕಡೆಯಿಂದ ಕೆರೆ ಕಡೆಗೆ, ಕಾಲಲ್ಲಿ ಓತಿಕ್ಯಾತ.” ಬೇಟೆ ಹಿಡಿದು ಪದೇ ಪದೇ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಗೂಡು ಆ ಕಡೆ ಇದೆ. ಹುಡುಕಿಕೊಂಡು ಹೋಗಬೇಕಾಗಿಲ್ಲ.

ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಹಾಕುವಾಗ ಕಂಡ ಎಲ್ಲ ಹಕ್ಕಿಗಳನ್ನೂ ಸೇರಿಸಿ ಪೂರ್ತಿ ಪಟ್ಟಿ ಹಾಕಿ, ಗಿಡುಗ ಮಾತ್ರ ಅಲ್ಲ. ಗೂಡಿನ ಜಾಗವನ್ನು ನಕ್ಷೆಯಲ್ಲಿ ಗುರುತಿಸಬೇಡಿ. ಊರಿನ ಹೆಸರಿನ ಸಾಮಾನ್ಯ ಸ್ಥಳ ಸಾಕು.

ಮರಗಸಿ_ಮೇಸ್ತ್ರಿ

ಗೂಡಿನ ಮರಕ್ಕೆ ಗುರುತು ಏನು ಹಾಕಲಿ? ಸುಣ್ಣ ಬಳಿದರೆ ಕಾಫಿ ಹೂ ಅರಳಿಸುವ ಹೂಮಳೆಗೇ ತೊಳೆದು ಹೋಗುತ್ತದೆ. ಕೆಂಪು ಬಟ್ಟೆ ಕಟ್ಟಿದರೆ ದಾರಿಹೋಕರೆಲ್ಲ ಮೇಲೆ ನೋಡುತ್ತಾರೆ.

ತೋಟದಂಚು

ಮರಕ್ಕೆ ಏನೂ ಬೇಡ. ಅದರ ಬುಡದ ನಾಲ್ಕೂ ಕಡೆಯ ಕಾಫಿ ಗಿಡಗಳಿಗೆ ಮೊಣಕಾಲೆತ್ತರದಲ್ಲಿ ಗೋಣಿದಾರ ಸುತ್ತಿ, ಯಾವ ತಾಕು, ಎಷ್ಟನೇ ಸಾಲು ಅಂತ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಮರ ಹತ್ತುವವರಿಗೆ ಬೆಳಿಗ್ಗೆ ಕೆಲಸ ಹಂಚುವಾಗಲೇ ಆ ಸಾಲು ಬಿಟ್ಟು ಹಂಚಿ.